ಗಡಿ ದಾಟಬೇಡಿ, ಕದಿರೇಶಣ್ಣ

“ಹಲೋ… ಹಾಂ, ಹಲೋ. ಯಾರು ಮಾತಾಡ್ತಿರೋದು? ಇದು ಕದಿರೇಶ್ ಅವರ ನಂಬರ್ ಅಲ್ವಾ?”

…

“ಇಡಬೇಡಿ, ಇಡಬೇಡಿ. ನಾನು ಕೋಲಾರದಿಂದ ಮಾತಾಡ್ತಿರೋದು. ಶೋಭಾರಾಣಿ ಅಂತ. … ಹಾಂ, ಅದೇ ಆಫೀಸ್ ಮೇಡಂ. ನೀವು ಅವರಿಗೆ ಏನಾಗ್ಬೇಕಮ್ಮ?”

…

“ಅಕ್ಕನಾ? ಮುನಿಲಕ್ಷ್ಮಿ ಅಕ್ಕ ಅಲ್ವಾ? ನಿಮ್ಮ ಹೆಸರು ಅವರ ಬಾಯಲ್ಲಿ ಕೇಳಿದ್ದೆ. ರಾಯಲ್ಪಾಡಲ್ಲಿ ಇರೋರು. … ಹಾಂ, ತೆಲುಗಲ್ಲೇ ಹೇಳಿ, ಪರವಾಗಿಲ್ಲ. ನಮ್ಮತ್ತೆ ಮನೇಲೂ ತೆಲುಗೇ. … ಚೆಪ್ಪಂಡಕ್ಕಾ, ಕೇಳ್ತಾ ಇದ್ದೀನಿ.”

ಶೋಭಾರಾಣಿ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿಕೊಂಡಳು. ಕೋಲಾರದ ಹಳೇ ಬಸ್‌ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸಂಸ್ಥೆಯ ಕಚೇರಿ. ಮಧ್ಯಾಹ್ನದ ಊಟಕ್ಕೆಂದು ಉಳಿದವರೆಲ್ಲ ಕೆಳಗಿಳಿದಿದ್ದರು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲೇಜು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹುಡುಗಿ ಕೂತಿದ್ದಳು. ಕದಿರೇಶನ ಮಗಳು ಧನಶ್ರೀ. ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸಿನಲ್ಲಿ ಒಬ್ಬಳೇ ಬಂದವಳು, “ನಮ್ಮಪ್ಪ ಎಲ್ಲಿ?” ಎಂದು ಒಂದೇ ಮಾತು ಕೇಳಿ ಕೂತವಳು, ಇನ್ನೂ ಎದ್ದಿರಲಿಲ್ಲ. ಹತ್ತಾರು ಸಲ ಕರೆ ಮಾಡಿದ ಮೇಲೆ ಈಗ ಫೋನು ಎತ್ತಿದ ಸದ್ದು ಕೇಳಿಸುತ್ತಲೇ ಅವಳು ಕೈ ಅಡ್ಡ ಆಡಿಸಿದ್ದಳು. ತಾನಿಲ್ಲಿರುವುದನ್ನು ಹೇಳಬೇಡಿ ಎಂದು.

“ನಿನ್ನೆ ರಾತ್ರಿ ಬಂದ್ರಾ? … ನಡ್ಕೊಂಡಾ? … ಊಟ? … ಅಂದ್ರೆ ನಿನ್ನೆಯಿಂದ ಏನೂ ಮುಟ್ಟಿಲ್ಲ ಅಂತೀರಾ. … ಮಾತೂ ಇಲ್ಲ. … ಹೂಂ. … ಹೂಂ ಅಕ್ಕ.”

…

“ಏನಾಯ್ತು ಅಂತ ಅವರು ಹೇಳಿಲ್ವಾ? … ಇಲ್ಲ, ಕುಡಿದಿಲ್ಲ ಅವರು. ಜಗಳಾನೂ ಆಡಿಲ್ಲ. ಅವರದು ಏನೂ ತಪ್ಪಿಲ್ಲ ಅಕ್ಕ. ನಾವೇ… ನಾವು ಒಂದು ಪ್ರೋಗ್ರಾಂ ಮಾಡಿದ್ವಿ. ಅದ್ರಲ್ಲಿ ಸ್ವಲ್ಪ… ಸ್ವಲ್ಪ ಅಲ್ಲ.”

ಆ ಅಕ್ಕನಿಗೆ ಎಲ್ಲಿಂದ ಹೇಳಲು ಶುರು ಮಾಡುವುದು?

ಕದಿರೇಶ ಆವನಿಯ ಆಚೆಯ ಒಂದು ಹಳ್ಳಿಯವನು. ಬೋರ್‌ವೆಲ್ ಮೋಟಾರು ಬಿಚ್ಚಿ ರಿಪೇರಿ ಮಾಡುವ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬನೇ ಸಾಕಿದ್ದ. ಹೋದ ವರ್ಷ ಇನ್ನಿಬ್ಬರ ಜೊತೆ ಸೇರಿ ಪಕ್ಕದ ಊರಿನ ಬೋರ್‌ವೆಲ್‌ಗಳ ತಾಮ್ರದ ಕೇಬಲ್ಲು ಕತ್ತರಿಸಿ ಗುಜರಿಗೆ ಹಾಕಿದ. ತಾನೇ ಇಳಿಸಿಕೊಟ್ಟ ಮೋಟಾರುಗಳ ಕೇಬಲ್ಲನ್ನೇ ಕತ್ತರಿಸಿದ್ದ. ಸಿಕ್ಕಿಬಿದ್ದ ದಿನವೇ ಒಪ್ಪಿಕೊಂಡ. ಮೂರು ತಿಂಗಳು ಒಳಗಿದ್ದ. ಆಮೇಲೆ ನ್ಯಾಯಾಲಯ, ಇದು ಮೊದಲ ತಪ್ಪು ಎಂದು, ಎರಡು ವರ್ಷ ಮೇಲ್ವಿಚಾರಣೆಯಲ್ಲಿ ಒಳ್ಳೆಯ ನಡತೆಯಿಂದ ಇರುವಂತೆ ಬಾಂಡ್ ಬರೆಸಿಕೊಂಡು ಬಿಟ್ಟಿತು. ವಾರಕ್ಕೊಂದು ದಿನ ಶ್ರೀನಿವಾಸಪುರದ ಸರ್ಕಾರಿ ಆಸ್ಪತ್ರೆಯ ಅಂಗಳ ಗುಡಿಸಬೇಕು, ತಿಂಗಳಿಗೆರಡು ಸಲ ಶೋಭಾರಾಣಿಯ ಮುಂದೆ ಹಾಜರಾಗಬೇಕು, ಅಪ್ಪಣೆ ಇಲ್ಲದೆ ರಾಜ್ಯ ಬಿಟ್ಟು ಹೋಗಬಾರದು. ಊರಲ್ಲಿ ಮುಖ ತೋರಿಸಲಾರದೆ ಅವನು ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಹಮಾಲಿ ಕೆಲಸಕ್ಕೆ ಸೇರಿ ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದ. ಅದೇ ಪೇಟೆಯ ಕಾಲೇಜಿನಲ್ಲಿ ಓದುತ್ತ ಹಾಸ್ಟೆಲಿನಲ್ಲಿದ್ದ ಮಗಳು, ಅಪ್ಪ ಆ ಮೂರು ತಿಂಗಳು ಚಿತ್ತೂರಿನ ಕಡೆ ಹಣ್ಣಿನ ರಸದ ಫ್ಯಾಕ್ಟರಿಗೆ ಹೋಗಿದ್ದ ಎಂದೇ ನಂಬಿದ್ದಳು.

“ಅಕ್ಕ, ಒಂದ್ಸಲ ಫೋನ್ ಅವರಿಗೆ ಕೊಡಿ. … ಮಾತಾಡಲ್ಲ ಅಂತಾರಾ? … ಬೈಯೋಕಲ್ಲ ಅಂತ ಹೇಳಿ. … ಹೊಲದ ಹತ್ರ ಇದ್ದಾರಾ? ತಗೊಂಡೋಗಿ ಕೊಡ್ತೀರಾ? … ಹಾಂ, ಕಾಯ್ತೀನಿ.”

ಕಾಯುತ್ತ ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಹುಡುಗಿಯ ಮುಖ ನೋಡುವುದಕ್ಕಿಂತ ಕೆಳಗಿನ ಬೀದಿ ನೋಡುವುದು ಸುಲಭವಾಗಿತ್ತು.

ಹೀಗೆ ಬಾಂಡ್ ಮೇಲೆ ಬಿಟ್ಟವರ ಮೇಲ್ವಿಚಾರಣೆಯನ್ನು ಇಲಾಖೆ ಸಂಸ್ಥೆಗೆ ಗುತ್ತಿಗೆ ಕೊಟ್ಟು ವರ್ಷವಾಗಿತ್ತು. ಮೊದಲಾದರೆ ಇಷ್ಟು ಜನಕ್ಕೆ ಇಷ್ಟು ಎಂದು ಹಣ ಬರುತ್ತಿತ್ತು. ಈಗ ಹಾಗಲ್ಲ. ಯಾರು ಬಾಂಡ್ ಮುರಿಯದೆ ಅವಧಿ ಮುಗಿಸುತ್ತಾರೋ ಅವರ ಲೆಕ್ಕಕ್ಕೆ ಮಾತ್ರ ಹಣ. ಮುರಿದವರು ಹೆಚ್ಚಾದರೆ ಗುತ್ತಿಗೆಯೇ ಬೇರೆಯವರ ಪಾಲು. ಕೇಳುವುದಕ್ಕೆ ನ್ಯಾಯವೇ. ಫಲ ತೋರಿಸಿದವನಿಗೆ ಕೂಲಿ. ಆದರೆ ಆ ಕರಾರಿನಲ್ಲಿ ಒಂದು ಸಂದಿಯಿತ್ತು. ಮೊದಲ ಆರು ತಿಂಗಳ ಒಳಗೆ ‘ಸಹಕರಿಸುತ್ತಿಲ್ಲ’ ಎಂದು ಯಾರನ್ನಾದರೂ ವಾಪಸ್ ಕಳಿಸಿದರೆ ಅವರು ಸೋಲಿನ ಲೆಕ್ಕಕ್ಕೆ ಬರುವುದಿಲ್ಲ. ಅವರು ಮತ್ತೆ ನ್ಯಾಯಾಲಯದ ಮುಂದೆ ನಿಲ್ಲುತ್ತಾರೆ, ಅವರ ಜಾಗಕ್ಕೆ ಹೊಸಬರು ಬರುತ್ತಾರೆ. ಕದಿರೇಶನಿಗೆ ಇದು ಐದನೇ ತಿಂಗಳು. “ಇವತ್ತು ಸಂಜೆಯೊಳಗೆ ಅವನ್ನ ವಾಪಸ್ ಕಳಿಸಿಬಿಡಿ, ನಮ್ಮ ಮೇಲೆ ಬೀಳೋದು ಬೇಡ” ಎಂದು ಯೋಜನೆಯ ಮುಖ್ಯಸ್ಥ ಉಮಾಶಂಕರ್ ಬೆಳಿಗ್ಗೆಯೇ ಹೇಳಿದ್ದರು.

“ಹಲೋ? … ಕದಿರೇಶಣ್ಣ? … ಕದಿರೇಶಣ್ಣ, ಇದ್ದೀರಾ?”

…

“ಇದ್ದೀರಲ್ಲ, ಅಷ್ಟು ಸಾಕು. ಮಾತಾಡ್ಬೇಡಿ ಬೇಕಾದ್ರೆ. ಕೇಳಿಸ್ಕೊಳ್ಳಿ.”

…

“ಇಲ್ಲ, ಆಸ್ಪತ್ರೆ ಕೆಲ್ಸಕ್ಕೆ ಬಂದಿಲ್ಲ ಅಂತ ಫೋನ್ ಮಾಡಿದ್ದಲ್ಲ. … ಅದಕ್ಕಲ್ಲ ಅಂತ ಹೇಳಿದ್ನಲ್ಲಣ್ಣ.”

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಬೆಳಿಗ್ಗೆ ಆಸ್ಪತ್ರೆಯಿಂದ ಅವನು ಬಂದಿಲ್ಲವೆಂದು ಸುದ್ದಿ ಬಂದಾಗ ಅವಳ ಮನಸ್ಸು ಮೊದಲು ಓಡಿದ್ದು ಲೆಕ್ಕದ ಕಡೆಗೇ. ನನ್ನ ಪಾಲಿನವರಲ್ಲಿ ಒಬ್ಬ ಕಮ್ಮಿಯಾದ ಎಂದು. ಅವನಿಗೇನಾಯಿತೋ ಎಂದು ಯೋಚಿಸಿದ್ದು ಆಮೇಲೆ, ಈ ಹುಡುಗಿ ಬಾಗಿಲಲ್ಲಿ ಬಂದು ನಿಂತ ಮೇಲೆ.

“ಮದನಪಲ್ಲಿಗಾ? … ಯಾವಾಗ? … ಇವತ್ತೇನಾ? ಟೊಮೇಟೊ ಗಾಡಿ ಬರ್ತದಾ ಈಗ? … ಕದಿರೇಶಣ್ಣ, ಸ್ವಲ್ಪ ನಿಂತ್ಕೊಂಡು ಕೇಳಿ. ಅಕ್ಕನ ಮನೆಗೆ ಹೋಗಿದ್ದೀರಿ, ಅಷ್ಟೇ. ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕೇ. ಆ ಗಾಡಿ ಹತ್ತಿ ಆಂಧ್ರದ ಕಡೆ ಇಳಿದ್ರೆ ಮಾತ್ರ ಗಡಿ ದಾಟಿದ ಹಾಗಾಗ್ತದೆ. ಬಾಂಡ್ ಮುರಿದ ಹಾಗೆ.”

…

“ಗೊತ್ತಿದೆ ಅಂತೀರಾ. … ಗೊತ್ತಿದ್ದೂ ಹೋಗ್ತೀರಾ?”

…

“ಮತ್ತೆ ಒಳಗೆ ಹಾಕ್ತಾರಣ್ಣ. ಈ ಸಲ ಮೊದಲ ತಪ್ಪು ಅಂತ ಯಾರೂ ಹೇಳಲ್ಲ.”

…

“ಅದೇ ವಾಸಿ ಅಂತೀರಾ…”

ಧನಶ್ರೀ ತಲೆ ಎತ್ತಿದಳು. ಅಪ್ಪ ಏನು ಹೇಳಿದನೆಂದು ಅವಳಿಗೆ ಕೇಳಿಸಿರಲಿಲ್ಲ. ಆದರೆ ಮೇಡಂ ಧ್ವನಿ ಇಳಿದದ್ದು ಕೇಳಿಸಿತ್ತು. ಶೋಭಾರಾಣಿ ಅವಳಿಗೆ ಬೆನ್ನು ಮಾಡಿ ಕಿಟಕಿಯ ಸರಳು ಹಿಡಿದು ನಿಂತಳು.

“ಹೌದು. ಹೇಳಿದ್ರಿ. ಮೊದಲ ದಿನಾನೇ ಹೇಳಿದ್ರಿ. ಬಾಕಿ ಏನು ಬೇಕಾದ್ರೂ ಮಾಡ್ಸಿ ಮೇಡಂ, ಮಗಳಿಗೆ ಮಾತ್ರ ತಿಳೀಬಾರ್ದು ಅಂದ್ರಿ. ಆಯ್ತು ಅಂತ ನಾನೇ ಒಪ್ಕೊಂಡಿದ್ದೆ.”

…

“ಬರೀ ಸಣ್ಣ ಮೀಟಿಂಗ್ ಅಂತ ನಾನೇ ಹೇಳಿದ್ದು. ಹೌದು. ಬೆಂಗಳೂರಿಂದ ಸಾಹೇಬ್ರು ಬರ್ತಾರೆ, ಒಂದೆರಡು ಮಾತು ಕೇಳ್ತಾರೆ, ಬಿಳಿ ಬಟ್ಟೆ ಹಾಕ್ಕೊಂಡು ಬನ್ನಿ ಅಂದೆ. ಸ್ಟೇಜು, ಮೈಕು, ಶಾಲು ಅದೆಲ್ಲ ಹೇಳ್ಲಿಲ್ಲ. ಹೇಳಿದ್ರೆ ನೀವು ಬರ್ತಿರಲಿಲ್ಲ.”

ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ನಿನ್ನೆ ಇಲಾಖೆಯ ತಂಡ ಬರುವುದಿತ್ತು. ಒಂದು ಒಳ್ಳೆಯ ಮುಖ ತೋರಿಸಿ ಎಂದು ಉಮಾಶಂಕರ್ ಕೇಳಿದ್ದರು. ಒಂದು ದಿನವೂ ತಪ್ಪಿಸದೆ ಬಂದವನು, ಎದುರು ಮಾತಾಡದವನು, ನೋಡಲು ಸೌಮ್ಯ. ಶೋಭಾರಾಣಿ ಯೋಚನೆಯನ್ನೇ ಮಾಡದೆ ಕದಿರೇಶನ ಹೆಸರು ಕೊಟ್ಟಿದ್ದಳು. ಶ್ರೀನಿವಾಸಪುರದ ಕಲ್ಯಾಣ ಮಂಟಪ ಹಿಡಿದಿದ್ದರು. ಅಷ್ಟು ದೊಡ್ಡ ಮಂಟಪ ಖಾಲಿ ಕಾಣಬಾರದೆಂದು ಕಾಲೇಜಿನ ಸೇವಾ ಯೋಜನೆಯ ಮಕ್ಕಳನ್ನು ಕರೆಸಲು ಫೋನು ಮಾಡಿದವಳೂ ಅವಳೇ. ಉಮಾಶಂಕರ್ ಮೈಕಿನ ಮುಂದೆ ಕದಿರೇಶನ ಭುಜದ ಮೇಲೆ ಕೈ ಹಾಕಿ, “ಇವರು ಯಾರು ಗೊತ್ತಾ? ರೈತರ ಬೋರ್‌ವೆಲ್ ಕೇಬಲ್ ಕದ್ದು ಜೈಲಿಗೆ ಹೋಗಿದ್ದ ಕಳ್ಳ. ಇವತ್ತು ನೋಡಿ” ಎಂದಿದ್ದರು. ಜನ ಚಪ್ಪಾಳೆ ತಟ್ಟಿದ್ದರು.

“ಕದಿರೇಶಣ್ಣ, ನಿಮ್ಮ ಮಗಳು ಅಲ್ಲಿ ಇದ್ದದ್ದು ನನಗೆ ಗೊತ್ತಿರಲಿಲ್ಲ ಅಂತ ಹೇಳೋಣ ಅಂತ ಬೆಳಿಗ್ಗೆಯಿಂದ ಬಾಯಿಗೆ ಬರ್ತಾ ಇದೆ. ಹೇಳಿದ್ರೆ ಸುಳ್ಳಾಗ್ತದೆ.”

…

“ನಿಮ್ಮ ಹೆಸರು ಕರೆಯೋಕೆ ಮೊದಲೇ ನೋಡಿದೆ. ಮುಂದಿನ ಸಾಲುಗಳಲ್ಲೇ ಕೂತಿದ್ಲು. ಫೋಟೋ ತೋರ್ಸಿದ್ರಲ್ಲ ನೀವು ಒಂದ್ಸಲ, ನೋಡಿದ ತಕ್ಷಣ ಗುರುತು ಸಿಕ್ತು. ಎದ್ದು ಹೋಗಿ ಸರ್ ಕಿವೀಲಿ ಒಂದು ಮಾತು ಹೇಳ್ಬೋದಿತ್ತು. ಇವರನ್ನ ಬಿಡಿ ಅಂತ. ಸಾಹೇಬ್ರೆಲ್ಲ ಎದುರಿಗೇ ಇದ್ರು… ಪ್ರೋಗ್ರಾಂ ಕೆಡ್ತದೆ ಅನ್ಸ್ತು. ಫೋನ್ ನೋಡ್ತಾ ಕೂತ್ಬಿಟ್ಟೆ.”

ಅವಳು ಈ ಮಾತನ್ನು ಆಡಿದ್ದು ಫೋನಿಗೆ. ಕೇಳಿಸಿದ್ದು ಬೆನ್ನ ಹಿಂದಿನ ಹುಡುಗಿಗೂ. ಕುರ್ಚಿ ಕಿರ್ರೆಂದಿತು. ಎದ್ದು ಹೋಗುತ್ತಾಳೇನೋ ಎಂದುಕೊಂಡಳು ಶೋಭಾರಾಣಿ. ಹುಡುಗಿ ಎದ್ದು ಹೋಗಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

“ಹಲೋ? … ಕೇಳಿಸ್ತಿದೆಯಾ? ನಡುವೆ ನಡುವೆ ಧ್ವನಿ ಹೋಗ್ತಿದೆ. … ಹಾಂ, ಈಗ ಬಂತು. … ಏನು? ನಿಮ್ಮ ಬದಲು ಬೇರೆಯವರನ್ನ ಹಾಕ್ಕೊಳ್ಳೋದಾ? ಯಾರು ಹೇಳಿದ್ರು ನಿಮಗೆ ಇದನ್ನೆಲ್ಲ?”

…

“ಮುನೇಶನಾ?”

…

“ಅವನು ಈಗ ಎಲ್ಲಿದ್ದಾನೆ ಅಂತ ಕೇಳ್ತೀರಾ… ಒಳಗಿದ್ದಾನೆ ಅಣ್ಣ. … ಹೌದು. ನಾನೇ ಕಳಿಸಿದ್ದು.”

ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ ಮುನೇಶ ಕುಡಿದು ಯಾರದೋ ತಲೆ ಒಡೆದು, ಬಾಂಡ್ ಮೇಲೆ ಅವಳ ಪಾಲಿಗೆ ಬಂದಿದ್ದವನು. ನಾಲ್ಕು ಸಲ ಕರೆದರೆ ಎರಡು ಸಲ ಬರುತ್ತಿದ್ದ. ಬಂದಾಗಲೂ ಬಾಯಿ ವಾಸನೆ. ಅವನನ್ನು ಕುಡಿತ ಬಿಡಿಸುವ ಕಡೆಗೆ ಸೇರಿಸಿ ಆರೆಂಟು ತಿಂಗಳು ಬೆನ್ನು ಹತ್ತಿದ್ದರೆ ದಾರಿಗೆ ಬರುತ್ತಿದ್ದನೇನೋ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶೋಭಾರಾಣಿ ಅಂಥವರ ಮನೆಗೇ ಹೋಗಿ ಕೂರುತ್ತಿದ್ದಳು. ಈ ಕರಾರು ಬಂದ ಮೇಲೆ ಕಷ್ಟದವರನ್ನು ಬೇಗ ಕೈಬಿಡುವುದು, ಸುಲಭದವರನ್ನು ಜೋಪಾನ ಮಾಡುವುದು ಎಲ್ಲರಿಗೂ ಅಭ್ಯಾಸವಾಯಿತು. ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ತಾನೇ ಕಲಿತಿದ್ದಳು.

ಫೋನಿನಲ್ಲಿ ಟಿಕ್ ಟಿಕ್ ಎಂದು ಇನ್ನೊಂದು ಕರೆಯ ಸದ್ದು ಬಂತು. ಕಿವಿಯಿಂದ ತೆಗೆದು ನೋಡಿದಳು. ಉಮಾಶಂಕರ್. ನೋಡಿಕೊಂಡೇ ನಿಂತಳು. ಅದು ತಾನಾಗಿ ನಿಂತಿತು.

“ಇದ್ದೀನಿ, ಇದ್ದೀನಿ. ಸರ್ ಫೋನ್ ಬರ್ತಾ ಇತ್ತು. … ಹಾಂ, ನಿಮ್ಮ ವಿಷಯಕ್ಕೇ. ನೀವು ಸಹಕರಿಸ್ತಿಲ್ಲ ಅಂತ ಹೇಳಿ ವಾಪಸ್ ಕಳ್ಸಿ ಅಂತಾರೆ. ನಾನು ಹೇಳಲ್ಲ. … ಇಲ್ಲ ಕದಿರೇಶಣ್ಣ, ಕೇಳಿ. ಇಲಾಖೆ ಜಿಲ್ಲಾ ಅಧಿಕಾರಿ ಹತ್ರ ಇವತ್ತೇ ಹೋಗ್ತೀನಿ. ನಡೆದಿದ್ದು ನಡೆದ ಹಾಗೇ ಹೇಳ್ತೀನಿ. ಮುಚ್ಚಿಡ್ತೀವಿ ಅಂತ ಮಾತು ಕೊಟ್ಟು ಸ್ಟೇಜ್ ಮೇಲೆ ನಿಲ್ಲಿಸಿ ಮಾನ ಹರಾಜು ಹಾಕಿದ್ದು ನಾವು ಅಂತ. ಆ ಮುನೇಶನ ವಿಷಯಾನೂ ಹೇಳ್ತೀನಿ.”

…

“ಹೋಗ್ತದೆ. ಕೆಲ್ಸ ಹೋಗೇ ಹೋಗ್ತದೆ. ಗುತ್ತಿಗೇನೂ ಹೋಗ್ಬೋದು. ಇಲ್ಲಿ ನನ್ನ ಜೊತೆ ಇರೋರು ನನ್ನ ಮುಖ ನೋಡಲ್ಲ. ಪರವಾಗಿಲ್ಲ. ನೀವು ಮಾತ್ರ ಆ ಗಾಡಿ ಹತ್ತಬೇಡಿ. ನಿಮ್ಮ ಮೇಲೆ ಒಂದು ಕಪ್ಪುಚುಕ್ಕೆ ಬರದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ.”

ಇಷ್ಟು ಹೇಳಿದ ಮೇಲೆ ಅವಳ ಎದೆಯ ಭಾರ ಸ್ವಲ್ಪ ಇಳಿದಂತಾಗಿತ್ತು. ಆ ಕಡೆಯಿಂದ ಒಂದು ಒಳ್ಳೆಯ ಮಾತು ಬರುತ್ತದೆಂದು ಅವಳಿಗೇ ಗೊತ್ತಿಲ್ಲದೆ ಕಾಯುತ್ತಿದ್ದಳು.

…

“ಏನಂದ್ರಿ? … ಅದಲ್ವಾ?”

…

“ನಮ್ಮ ಮೇಲೆ ಸಿಟ್ಟಿಲ್ಲ ಅಂತೀರಾ. … ಕಳ್ಳನ್ನ ಕಳ್ಳ ಅಂದ್ರು, ಅಷ್ಟೇ ಅಂತೀರಾ. … ಮತ್ತೆ? ಮತ್ತೆ ಯಾಕೆ ಅಣ್ಣ ಹೋಗ್ತಿದ್ದೀರಿ?”

…

“ಇಲ್ಲ, ಊಟದ ಹೊತ್ತಿಗೆ ನಾನು ಇರಲಿಲ್ಲ. ಸಾಹೇಬ್ರನ್ನ ಕಾರು ತನಕ ಬಿಡೋಕೆ ಹೋಗಿದ್ದೆ. ಏನಾಯ್ತು ಅಲ್ಲಿ? … ಕೈ ತೊಳೆಯೋ ಜಾಗದಲ್ಲಿ? … ಹೂಂ. ಅವಳು ನಿಂತಿದ್ಲು. … ಹೂಂ.”

ಬೆನ್ನ ಹಿಂದೆ ಬ್ಯಾಗಿನ ಜಿಪ್ಪು ಎಳೆಯುವ ಸದ್ದು ಕೇಳಿಸಿತು. ಎಳೆದು, ಮತ್ತೆ ಮುಚ್ಚಿ, ಮತ್ತೆ ಎಳೆದು.

“ಹತ್ರ ಹೋಗಿ ಕರೆದ್ರಾ? … ಅಮ್ಮಣ್ಣಿ ಅಂತ. … ಕಾಲೇಜ್ ಮೇಡಂ ಪಕ್ಕದಲ್ಲಿದ್ರು. … ಹೂಂ, ಕೇಳೇ ಕೇಳ್ತಾರಲ್ಲ, ಯಾರೋ ಬಂದು ಹುಡುಗೀನ ಮಾತಾಡ್ಸಿದ್ರೆ. ಯಾರಮ್ಮ ಇವರು, ನಿನಗೆ ಗೊತ್ತಾ ಅಂದ್ರು. … ಅದಕ್ಕೆ ಅವಳು…”

…

“ಯಾರೋ ಗೊತ್ತಿಲ್ಲ ಮೇಡಂ ಅಂದ್ಲಾ?”

ಮಾತು ಬಾಯಿಂದ ಹೊರಗೆ ಬಿದ್ದಿತ್ತು. ಶೋಭಾರಾಣಿ ತಿರುಗಿ ನೋಡಿದಳು. ಧನಶ್ರೀ ಎರಡೂ ಕೈಯಲ್ಲಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಕುತ್ತಿಗೆಯವರೆಗೂ ಕೆಂಪೇರಿತ್ತು. ಬೆಳಿಗ್ಗೆಯಿಂದ ಆ ಕುರ್ಚಿ ಬಿಟ್ಟು ಏಳದೆ, ಕೊಟ್ಟ ಟೀ ಮುಟ್ಟದೆ ಅವಳು ಯಾಕೆ ಕೂತಿದ್ದಳೆಂದು ಶೋಭಾರಾಣಿಗೆ ಈಗ ತಿಳಿಯಿತು. ನಮ್ಮ ಮೇಲಿನ ಸಿಟ್ಟಿಗೆ ಕೂತಿದ್ದಾಳೆ ಎಂದುಕೊಂಡಿದ್ದಳು. ಎಲ್ಲದರ ನಡುವೆಯೂ ತನ್ನ ತಪ್ಪೇ ದೊಡ್ಡದೆಂದು ಹಿಡಿದುಕೊಂಡು ನಿಂತಿದ್ದಕ್ಕೆ ಶೋಭಾರಾಣಿಗೆ ಹೊಸದಾಗಿ ನಾಚಿಕೆಯಾಯಿತು. ಈ ಇಬ್ಬರ ನಡುವೆ ತಾನು ಒಡೆದಿದ್ದು ಅಧಿಕಾರಿಯ ಮುಂದೆ ಹೇಳಲು ಬರುವಂಥದ್ದಲ್ಲ.

“ಇಲ್ಲ ಕದಿರೇಶಣ್ಣ… ಇಲ್ಲ, ನಾನು ಅವಳನ್ನ ಏನೂ ಅನ್ನಲ್ಲ. … ಹೂಂ. … ಸರಿಯಾಗೇ ಹೇಳಿದ್ಲು ಅಂತೀರಾ. … ಅಷ್ಟು ಜನ ಗೆಳತೀರ ಮಧ್ಯೆ ಮತ್ತೇನು ಹೇಳ್ತಾಳೆ ಅಂತೀರಾ.”

…

“ನೀವು ಏನಂದ್ರಿ ಆಗ? … ತಪ್ಪಾಯ್ತು ತಾಯಿ, ಬೇರೆ ಯಾರೋ ಅಂದ್ಕೊಂಡೆ ಅಂತ ಹೇಳಿ…”

ಶೋಭಾರಾಣಿ ಫೋನನ್ನು ಸ್ವಲ್ಪ ದೂರ ಹಿಡಿದು, ಕೆಮ್ಮಿ, ಮತ್ತೆ ಕಿವಿಗಿಟ್ಟುಕೊಂಡಳು.

“ಇನ್ನೊಂದ್ಸಲ ಅವಳ ಬಾಯಲ್ಲಿ ಆ ಮಾತು ಬರೋ ಹಾಗಾಗ್ಬಾರ್ದು ಅಂತ ಹೋಗ್ತಿದ್ದೀರಾ. … ನೀವು ಶ್ರೀನಿವಾಸಪುರದಲ್ಲಿದ್ರೆ ದಿನಾ ಎದುರಿಗೆ ಸಿಗ್ತೀರಿ. … ಮದನಪಲ್ಲೀಲಿ ಇದ್ರೆ ಅವಳು ಸುಳ್ಳು ಹೇಳೋ ಕಷ್ಟ ಇರಲ್ಲ. … ಹೂಂ. ಅರ್ಥ ಆಯ್ತು.”

…

“ಗಾಡಿ ಬಂತಾ? … ಹಾರ್ನ್ ನನಗೂ ಕೇಳಿಸ್ತು. ಕದಿರೇಶಣ್ಣ, ಒಂದು ನಿಮಿಷ. ಒಂದೇ ನಿಮಿಷ. … ಇಲ್ಲ, ನಾನು ಇನ್ನೇನೂ ಹೇಳಲ್ಲ. ನಾನು ಹೇಳೋದು ಮುಗೀತು. ಫೋನ್ ಇಡಬೇಡಿ, ಅಷ್ಟೇ.”

ಅವಳು ಹುಡುಗಿಯನ್ನು ನೋಡಿದಳು. ಕೊಡಲೇ ಎಂದು ಕೇಳಲಿಲ್ಲ. ತಾನಾಗಿ ಕೊಟ್ಟರೆ ಅದೂ ಇನ್ನೊಂದು ಸ್ಟೇಜು ಹತ್ತಿಸಿದಂತಾಗುತ್ತದೆ ಎನ್ನಿಸಿ ಸುಮ್ಮನೆ ಫೋನು ಹಿಡಿದು ನಿಂತಳು. ಧನಶ್ರೀ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಬಂದು ಕೈ ಚಾಚಿದಳು.

ಶೋಭಾರಾಣಿ ಫೋನು ಕೊಟ್ಟು ಬಾಗಿಲವರೆಗೆ ಹೋದಳು. ಹೊರಗೆ ಹೋಗಬೇಕೆಂದಿದ್ದವಳು ಹೊಸ್ತಿಲಲ್ಲೇ ನಿಂತಳು.

“ಅಪ್ಪಾ.”

…

“ನಾನೇ. … ಹೂಂ, ಇಲ್ಲೇ ಇದ್ದೆ. ಬೆಳಿಗ್ಗೆಯಿಂದ. … ಎಲ್ಲ ಕೇಳಿಸ್ತು.”

ಹುಡುಗಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಅಪ್ಪಾ, ಅಳಬೇಡ. … ನೀನು ಅತ್ರೆ ನನಗೆ ಹೇಳೋಕಾಗಲ್ಲ.”

…

“ಕೇಬಲ್ ಕದ್ದಿದ್ದಕ್ಕೆ ಸಿಟ್ಟಿದೆ. ಇಲ್ಲ ಅನ್ನಲ್ಲ. ನೀನೇ ಇಳಿಸಿಕೊಟ್ಟ ಮೋಟ್ರಿಗೆ… ಅವರ ಮನೇಲೆಲ್ಲ ನಾವು ಊಟ ಮಾಡಿದ್ದೀವಿ ಅಪ್ಪಾ. ಚಿತ್ತೂರಲ್ಲಿದ್ದೀನಿ ಅಂತ ಸುಳ್ಳು ಹೇಳಿದ್ದಕ್ಕೆ ಅದಕ್ಕಿಂತ ಜಾಸ್ತಿ ಸಿಟ್ಟಿದೆ. ಹಬ್ಬಕ್ಕೆ ಯಾಕೆ ಬಂದಿಲ್ಲ ಅಂತ ನಾನು ಎಷ್ಟು ಬೈಕೊಂಡೆ ನಿನ್ನ.”

…

“ಇಲ್ಲ, ಅದನ್ನ ಆಮೇಲೆ ಜಗಳ ಆಡೋಣ. ಅದಕ್ಕೆ ಬಂದಿಲ್ಲ ನಾನು.”

…

“ನಿನ್ನೆ… ನಿನ್ನೆ ನೀನು ಅಮ್ಮಣ್ಣಿ ಅಂದಾಗ ಎಲ್ರೂ ನೋಡಿದ್ರು. ಬಾಯಿಗೆ ಅದೇ ಬಂತು. ಯೋಚನೆ ಮಾಡ್ಲಿಲ್ಲ. ನೀನು ಕೈಮುಗಿದ್ಬಿಟ್ಟೆ. ನನಗೆ ಕೈಮುಗಿದ್ಬಿಟ್ಟೆ ಅಪ್ಪಾ. ಬೇರೆ ಯಾರೋ ಅಂದ್ಕೊಂಡೆ ತಾಯಿ ಅಂದೆ. ಆಗ್ಲಾದ್ರೂ ಓಡಿ ಬಂದು ಹಿಡ್ಕೊಬೇಕಿತ್ತು. ಬರ್ಲಿಲ್ಲ. ಲೈನಲ್ಲಿ ನಿಂತು ಊಟ ಮಾಡ್ದೆ. ಹೋಳಿಗೆ ಹಾಕಿದ್ರು, ಅದನ್ನೂ ತಿಂದೆ.”

ಅವಳ ಧ್ವನಿ ಅಲ್ಲಿಯವರೆಗೆ ಗಟ್ಟಿಯಾಗಿಯೇ ಇತ್ತು. ಹೋಳಿಗೆಯ ಮಾತಿಗೆ ಬಂದಾಗ ಒಡೆಯಿತು. ಬಾಗಿಲಲ್ಲಿ ನಿಂತ ಶೋಭಾರಾಣಿ ತಲೆ ತಗ್ಗಿಸಿದಳು. ಆ ಊಟಕ್ಕೆ ಹೇಳಿದವಳೂ ಅವಳೇ.

…

“ಪರವಾಗಿಲ್ಲ ಅನ್ಬೇಡ. ಪರವಾಗಿಲ್ಲ ಅಂದ್ರೆ ನಾನು ಫೋನ್ ಇಟ್ಬಿಡ್ತೀನಿ. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಹಾಸ್ಟೆಲಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ. ಯಾರೂ ಏನೂ ಕೇಳಿಲ್ಲ. ಕೇಳಿದ್ರೆ ಚೆನ್ನಾಗಿತ್ತು, ಹೇಳ್ಬಿಡ್ತಿದ್ದೆ ಅನ್ಸ್ತು.”

…

“ಗಾಡಿಯವನು ಕೂಗ್ತಾ ಇದ್ದಾನಾ? … ಕೂಗ್ಲಿ. ಹೋಗು ಅಂತ ಹೇಳು ಅವನಿಗೆ. … ಹೇಳಿದ್ಯಾ? … ಜೋರಾಗಿ ಹೇಳಪ್ಪ, ನನಗೆ ಕೇಳಿಸ್ಬೇಕು.”

ಅವಳು ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಏನು ಕೇಳಿಸಿತೋ ಶೋಭಾರಾಣಿಗೆ ತಿಳಿಯದು. ಹುಡುಗಿಯ ಭುಜ ಮಾತ್ರ ನಿಧಾನವಾಗಿ ಕೆಳಗಿಳಿಯಿತು.

“ಹೂಂ. ಕೇಳಿಸ್ತು.”

…

“ಇಲ್ಲ, ಇವತ್ತು ನೀನು ಬರ್ಬೇಡ. ನಾನೇ ಬರ್ತೀನಿ ರಾಯಲ್ಪಾಡಿಗೆ. ಇಲ್ಲಿಂದ ಶ್ರೀನಿವಾಸಪುರ, ಅಲ್ಲಿಂದ ಸಾಯಂಕಾಲದ ಬಸ್ಸು. ಅತ್ತೆಗೆ ಹೇಳು ಮುದ್ದೆ ಮಾಡು ಅಂತ. ನೀನು ಊಟ ಮಾಡಿಲ್ಲ, ನಾನೂ ಮಾಡಿಲ್ಲ.”

…

“ನಾಳೆ ಬೆಳಿಗ್ಗೆ ಇಬ್ರೂ ಒಟ್ಟಿಗೆ ಬರೋಣ. ಕಾಲೇಜಿಗೆ. … ಹೂಂ, ಕಾಲೇಜಿಗೇ. ನಮ್ಮ ಮೇಡಂ ಹತ್ರ.”

…

“ಯಾಕೆ ಅಂದ್ರೆ? ಇವರು ನಮ್ಮಪ್ಪ ಅಂತ ಹೇಳ್ಬೇಕು ನಾನು. … ನೀನು ಏನೂ ಮಾತಾಡ್ಬೇಡ, ಸುಮ್ನೆ ನನ್ನ ಪಕ್ಕ ನಿಂತ್ಕೊ. … ನಗ್ತಾರೆ. ನಗ್ಲಿ. … ಗೆಳತೀರು ಮಾತಾಡ್ಸಲ್ಲ ಅಂದ್ರೆ ಬಿಡ್ಲಿ. ನನಗೆ ನಾಚಿಕೆ ಇಲ್ಲ ಅಂತ ಅಲ್ಲ ಅಪ್ಪಾ, ಇದೆ. ತುಂಬ ಇದೆ. ಆದ್ರೂ ಹೇಳ್ತೀನಿ.”

…

“ಅಪ್ಪಾ?”

…

“ಆ ಬಟ್ಟೆ ಕೊಳೆ ಆಗಿದೆ ಅಂತೀಯಾ? … ಮಾವನದ್ದು ಷರ್ಟ್ ಹಾಕ್ಕೊ. ಸಡಿಲ ಆದ್ರೆ ಆಗ್ಲಿ. … ಹಾಂ, ಬರ್ತೀಯಲ್ಲ? ಬರ್ತೀನಿ ಅಂತ ಬಾಯಿಬಿಟ್ಟು ಹೇಳು. … ಏನು? ಕಟ್ ಕಟ್ ಆಗ್ತಿದೆ ಅಪ್ಪಾ, ಸ್ವಲ್ಪ ಈ ಕಡೆ ಬಂದು ಮಾತಾಡು, ರಸ್ತೆ ಕಡೆ ಬೇಡ, ಮನೆ ಕಡೆ ಬಾ… ಹಾಂ, ಈಗ ಹೇಳು. ಹೇಳಪ್ಪ, ಕೇಳಿಸ್ಕೊತಾ ಇದ್ದೀನಿ. ನಾನೇ ಅಪ್ಪಾ, ನಿನ್ನ ಅಮ್ಮಣ್ಣಿ.”